ಸೀಳುದಳದ ಮಾರ್ನಿಂಗ್ ಗ್ಲೋರಿ ಮತ್ತೆ ಅರಳಬೇಕೆ? ಅದರ ಸಾದಾ ಒಡಹುಟ್ಟುಗಳನ್ನು ಕಾಪಾಡಿ

ಪ್ರಶ್ನೆ: ಪರಿಚಿತರೊಬ್ಬರು ತಮ್ಮ ಜಪಾನಿ ಮಾರ್ನಿಂಗ್ ಗ್ಲೋರಿಯ ಒಂದೇ ಬಳ್ಳಿಯಿಂದ ಆಯ್ದ ಬೀಜಗಳನ್ನು ಕೊಟ್ಟಿದ್ದರು. ಹದಿನಾಲ್ಕು ಮೊಳೆತವು. ಹನ್ನೆರಡರಲ್ಲಿ ಮಾಮೂಲಿ ನೀಲಿ ಹೂವು. ಉಳಿದ ಎರಡರ ಎಲೆಗಳು ದಾರದಷ್ಟು ಕಿರಿದು, ಹೂವು ಐದು ಎಳೆಗಳಾಗಿ ಸೀಳಿಕೊಂಡಿತ್ತು. ಅಂಥ ಹೂವನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಆ ಎರಡರಲ್ಲಿ ಒಂದು ಕಾಯಿಯೂ ಕಟ್ಟಲಿಲ್ಲ, ಈಗ ಎರಡೂ ಒಣಗುತ್ತಿವೆ. ಸಾದಾ ಗಿಡಗಳನ್ನು ಕಿತ್ತು ಜಾಗ ತೆರವು ಮಾಡಲೇ? ಆ ವಿಚಿತ್ರ ಹೂವನ್ನು ಮತ್ತೆ ಪಡೆಯುವ ದಾರಿ ಇದೆಯೇ? ಇನ್ನೊಂದು ಬಳ್ಳಿಯಲ್ಲಿ ಬಿಳಿ ಹೂವಿನ ಮೇಲೆ ನೀಲಿ ಗೀರುಗಳು ಬರುತ್ತಿವೆ. ಇವನ್ನೆಲ್ಲ ಬೆರೆಸಿ ಮನೆಯಲ್ಲೇ ಹೊಸ ಹೂವು ಮಾಡಬಹುದೇ?

ಉತ್ತರ: ಆ ಹನ್ನೆರಡು ಗಿಡಗಳನ್ನು ದಯವಿಟ್ಟು ಕೀಳಬೇಡಿ. ನೀವು ಹುಡುಕುತ್ತಿರುವ ಹೂವು ಈಗ ಉಳಿದಿರುವುದು ಅವುಗಳೊಳಗೇ. ಅವುಗಳಲ್ಲಿ ಬಲಿಯುತ್ತಿರುವ ಕಾಯಿಗಳನ್ನು ಈ ವಾರವೇ ಗಿಡವಾರು ಬೇರೆಬೇರೆ ಲಕೋಟೆಗಳಲ್ಲಿ ಶೇಖರಿಸತೊಡಗಿ. ಒಂದನೆಯ ಗಿಡದ ಬೀಜ ಎರಡನೆಯದರ ಜೊತೆ ಬೆರೆಯಕೂಡದು. ಕಾರಣವನ್ನು ಮುಂದೆ ವಿವರಿಸುತ್ತೇನೆ, ಆದರೆ ಕಾಯಿ ಒಡೆದು ಬೀಜ ನೆಲಕ್ಕೆ ಸಿಡಿದರೆ ವಿವರಣೆಯಿಂದ ಪ್ರಯೋಜನವಿಲ್ಲ.

ನಿಮ್ಮ ವಿವರಣೆಗೆ ಹೊಂದುವ ಗಿಡವನ್ನು ಜಪಾನಿನ ಬೆಳೆಗಾರರು ಯಾನಾಗಿ, ಅಂದರೆ ವಿಲ್ಲೋ ಮರದ ಎಲೆಯದು, ಎಂದು ಕರೆಯುತ್ತಾರೆ. ಇದು ಐಪೋಮಿಯಾ ನಿಲ್ ಎಂಬ ಪ್ರಭೇದದಲ್ಲಿ ಒಂದೇ ಒಂದು ವಂಶವಾಹಿ ಕೆಟ್ಟಾಗ ಕಾಣುವ ರೂಪ. ಅದೇ ವಂಶವಾಹಿ ಸ್ವಲ್ಪ ಸೌಮ್ಯವಾಗಿ ಕೆಟ್ಟರೆ ಎಲೆ ಮೇಪಲ್ ಎಲೆಯಂತೆ ಸೀಳುತ್ತದೆ, ಹೂವಿನ ಕಹಳೆಯೂ ಐದು ಭಾಗವಾಗುತ್ತದೆ. ಎಲೆ ಅಗಲವಾಗಿ ಹರಡಲು ಬೇಕಾದ ಸೂಚನೆ ಮತ್ತು ದಳ ಅಗಲವಾಗಲು ಬೇಕಾದ ಸೂಚನೆ ಒಂದೇ ಕಡೆಯಿಂದ ಬರುವುದರಿಂದ ಎರಡೂ ಒಟ್ಟಿಗೇ ಸೊರಗುತ್ತವೆ. ಹೂವಿನ ನಡುವಿನ ಅಂಡಾಶಯವೂ ದಳದಂತೆಯೇ ಎಲೆಯ ಮಾರ್ಪಾಡು. ಅದೂ ವಿಕಾರಗೊಂಡು ಕಾಯಿ ಕಟ್ಟುವುದಿಲ್ಲ. ಗಿಡಕ್ಕೆ ನೀವು ಆರೈಕೆಯಲ್ಲಿ ಏನೂ ಕಡಿಮೆ ಮಾಡಿಲ್ಲ.

ಒಂದು ಅನುಮಾನವನ್ನು ಮಾತ್ರ ಮೊದಲೇ ನಿವಾರಿಸಿಕೊಳ್ಳಿ. ವೈರಸ್, ನುಸಿ, ಗಾಳಿಯಲ್ಲಿ ತೇಲಿಬಂದ ಕಳೆನಾಶಕ, ಇವುಗಳೂ ಎಲೆಯನ್ನು ಕಿರಿದು ಮಾಡಬಲ್ಲವು. ರೋಗದ ಗಿಡ ಚೆನ್ನಾಗಿಯೇ ಹುಟ್ಟಿ ನಡುವೆ ಕೆಡುತ್ತದೆ, ಇಲ್ಲವೇ ಒಂದು ಕೊಂಬೆಯಲ್ಲಿ ಕೆಟ್ಟು ಇನ್ನೊಂದರಲ್ಲಿ ಚೇತರಿಸಿಕೊಳ್ಳುತ್ತದೆ. ನಿಜವಾದ ರೂಪಾಂತರ ಮೊಳಕೆಯ ಮೊದಲ ಜೋಡಿ ಎಲೆಗಳಾದ ಬೀಜದಳಗಳಲ್ಲೇ ಕಾಣಿಸಿಕೊಂಡು ಕೊನೆಯ ಎಲೆಯವರೆಗೆ ಹಾಗೆಯೇ ಇರುತ್ತದೆ. ಸಾದಾ ಸಸಿಯ ಬೀಜದಳಗಳು ಅಗಲವಾಗಿ, ತುದಿಯಲ್ಲಿ ಇಬ್ಭಾಗವಾಗಿ ಚಿಟ್ಟೆಯ ರೆಕ್ಕೆಯಂತಿರುತ್ತವೆ. ಯಾನಾಗಿಯಲ್ಲಿ ಆ ಎರಡು ಭಾಗಗಳೂ ಕಡ್ಡಿಯಂತೆ ಕಿರಿದಾಗಿರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಈ ಗುಣ ದುರ್ಬಲ ಗುಣ. ಕೆಟ್ಟ ಪ್ರತಿ ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ನಿಮಗೆ ಬೀಜ ಕೊಟ್ಟ ಬಳ್ಳಿ ನೋಡಲು ಸಾದಾ ಆಗಿದ್ದರೂ ಒಂದು ಕೆಟ್ಟ ಪ್ರತಿಯನ್ನು ಹೊತ್ತಿತ್ತು. ಜಪಾನಿ ಮಾರ್ನಿಂಗ್ ಗ್ಲೋರಿ ಬಹುಪಾಲು ತನ್ನ ಪರಾಗದಿಂದಲೇ ಬೀಜ ಕಟ್ಟುವ ಗಿಡ. ಅಂಥ ಬಳ್ಳಿಯ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ವಿಚಿತ್ರವಾಗಬೇಕು. ಹದಿನಾಲ್ಕರಲ್ಲಿ ಎರಡು ಬಂದಿರುವುದು ಸ್ವಲ್ಪ ಕಡಿಮೆ, ಆದರೂ ಅಷ್ಟು ಸಣ್ಣ ಸಂಖ್ಯೆಯಲ್ಲಿ ಅದು ಸಹಜ. ಮುಖ್ಯವಾದದ್ದು ಉಳಿದ ಹನ್ನೆರಡರ ಲೆಕ್ಕ: ಸಾದಾ ಕಾಣುವ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಆ ಗುಣವನ್ನು ಮುಚ್ಚಿಟ್ಟುಕೊಂಡಿರುತ್ತವೆ. ಅಂದರೆ ಸುಮಾರು ಎಂಟು ಗಿಡಗಳು ನಿಮ್ಮ ಸೀಳುದಳದ ಹೂವಿನ ತಾಯಂದಿರಾಗಬಲ್ಲವು. ಯಾವ ಎಂಟು ಎಂಬುದು ಎಲೆ ನೋಡಿದರೆ ತಿಳಿಯದು, ಹೂವು ನೋಡಿದರೂ ತಿಳಿಯದು. ಮಕ್ಕಳನ್ನು ನೋಡಿಯೇ ತಿಳಿಯಬೇಕು.

ಅದಕ್ಕೇ ಲಕೋಟೆಗಳನ್ನು ಬೇರೆ ಇಡಲು ಹೇಳಿದ್ದು. ಚೆನ್ನಾಗಿ ತುಂಬಿದ ಒಂದು ಕಾಯಿಯಲ್ಲಿ ಮೂರು ಕೋಣೆ, ಕೋಣೆಗೆ ಎರಡರಂತೆ 6 ಬೀಜ. ಗುಣವನ್ನು ಹೊತ್ತ ತಾಯಿಯ 11 ಬೀಜ ಮೊಳೆತರೆ ಅವುಗಳಲ್ಲಿ ಕನಿಷ್ಠ ಒಂದು ವಿಚಿತ್ರವಾಗುವ ಸಂಭವ ನೂರಕ್ಕೆ 95ಕ್ಕಿಂತ ಹೆಚ್ಚು. ಹಾಗಾಗಿ ಒಂದು ಗಿಡವನ್ನು ಪರೀಕ್ಷಿಸಲು ಎರಡು ತುಂಬಿದ ಕಾಯಿ ಸಾಕು. ಎಲ್ಲ ಹನ್ನೆರಡನ್ನೂ ಪರೀಕ್ಷಿಸಬೇಕಾಗಿಲ್ಲ. ಯಾವುದಾದರೂ ನಾಲ್ಕನ್ನು ಆರಿಸಿಕೊಂಡರೆ ನಾಲ್ಕೂ ಖಾಲಿಯಾಗಿರುವ ಸಂಭವ 81ರಲ್ಲಿ ಒಂದು ಮಾತ್ರ. ಒಂದು ಟ್ರೇಯಲ್ಲಿ ನಾಲ್ಕು ಸಾಲು ಬಿತ್ತಿ, ಬೀಜದಳ ಬಿಚ್ಚುವವರೆಗೆ ಕಾದರೆ ಉತ್ತರ ಕಣ್ಣೆದುರಿಗೆ ಬರುತ್ತದೆ. ಕಡ್ಡಿ ಬೀಜದಳಗಳು ಕಂಡ ಸಾಲಿನ ತಾಯಿ ನಿಮ್ಮ ತಳಿಯ ಮೂಲ. ಆ ಸಾಲಿನಿಂದ ಕಡ್ಡಿ ಸಸಿಗಳನ್ನು ಹೂವಿಗಾಗಿಯೂ ಮೂರು ನಾಲ್ಕು ಸಾದಾ ಸಸಿಗಳನ್ನು ಮುಂದಿನ ಬೀಜಕ್ಕಾಗಿಯೂ ಬೆಳೆಸಿ. ಮುಂದಿನ ಪೀಳಿಗೆಯಲ್ಲಿ ಇದೇ ಪರೀಕ್ಷೆ ಮತ್ತೆ. ಕಾಯಿ ಕಟ್ಟದ ಹೂವನ್ನು ಎಷ್ಟು ವರ್ಷ ಬೇಕಾದರೂ ಹೀಗೆ ಉಳಿಸಿಕೊಳ್ಳಬಹುದು.

ಇದು ನಾನು ಕಟ್ಟಿದ ಉಪಾಯವಲ್ಲ. ಈ ಗಿಡ ಸುಮಾರು 8ನೆಯ ಶತಮಾನದಲ್ಲಿ ಚೀನಾದಿಂದ ಜಪಾನಿಗೆ ಹೋದದ್ದು ಭೇದಿ ಔಷಧಿಯ ಬೀಜವಾಗಿ. ಎಡೊ ಕಾಲದಲ್ಲಿ, 1804ರಿಂದ 1830ರವರೆಗೆ ಒಮ್ಮೆ ಮತ್ತು 1848ರಿಂದ 1860ರವರೆಗೆ ಇನ್ನೊಮ್ಮೆ, ವಿಚಿತ್ರ ರೂಪದ ಮಾರ್ನಿಂಗ್ ಗ್ಲೋರಿಗಳ ಹುಚ್ಚು ಅಲ್ಲಿನ ಪಟ್ಟಣಗಳನ್ನು ಹಿಡಿದಿತ್ತು. ಅಸಗಾವೊ ಎಂದು ಕರೆಯುವ ಈ ಹೂವಿನ ರೂಪಾಂತರಗಳೇ ಹೆಂಕಾ ಅಸಗಾವೊ. ಬೀಜ ಕಟ್ಟುವ ರೂಪಾಂತರಗಳನ್ನು ಅವರು ಮಾಸಾಕಿ ಎಂದೂ, ಬೀಜ ಕಟ್ಟದ, ಒಡಹುಟ್ಟುಗಳ ಮೂಲಕವೇ ಉಳಿಸಬೇಕಾದವನ್ನು ಡೆಮೊನೊ ಎಂದೂ ವಿಂಗಡಿಸಿದ್ದರು. ಮೆಂಡೆಲ್ ತನ್ನ ಬಟಾಣಿ ಗಿಡಗಳ ಫಲಿತಾಂಶವನ್ನು ಪ್ರಕಟಿಸಿದ್ದು 1866ರಲ್ಲಿ. ಅದಕ್ಕೂ ಮೊದಲೇ ಆ ಹೂಗಾರರು ಸಾದಾ ಒಡಹುಟ್ಟುಗಳ ಬೀಜದಿಂದ ಡೆಮೊನೊಗಳನ್ನು ಮತ್ತೆ ಮತ್ತೆ ಪಡೆಯುತ್ತಿದ್ದರು. ಅವರ ಕೈಯಲ್ಲಿ ಸಿದ್ಧಾಂತವಿರಲಿಲ್ಲ, ತಾಳ್ಮೆ ಮತ್ತು ಗಿಡವಾರು ಲೆಕ್ಕವಿತ್ತು. ನನಗೆ ಈ ಇಡೀ ಕಲೆಯಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದೇ. ಇಂದು ಆ ತಳಿಗಳ ದೊಡ್ಡ ಸಂಗ್ರಹ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದಲ್ಲಿದೆ.

ಎಲ್ಲ ರೂಪಾಂತರಗಳೂ ನಿಮ್ಮದರಷ್ಟು ಸುಲಭವಾಗಿ ಗುರುತು ಕೊಡುವುದಿಲ್ಲ. ಬೊಟಾನ್ ಎಂಬ ಜೋಡಿದಳದ ರೂಪದಲ್ಲಿ ಕೇಸರಗಳಿರಬೇಕಾದಲ್ಲಿ ದಳಗಳು ಬರುತ್ತವೆ, ಅಂಡಾಶಯವಿರಬೇಕಾದಲ್ಲಿ ಇನ್ನೊಂದು ಹೂವೇ ತೊಡಗುತ್ತದೆ. ಪರಾಗವೂ ಇಲ್ಲ, ಅಂಡವೂ ಇಲ್ಲ, ಆದ್ದರಿಂದ ಸಂಪೂರ್ಣ ಬಂಜೆ. ಇದು ಹೂವನ್ನು ಮಾತ್ರ ಮುಟ್ಟುವ ದೋಷವಾದ್ದರಿಂದ ಸಸಿಯಲ್ಲಿ ಸುಳಿವಿಲ್ಲ, ಮೊಗ್ಗಿನವರೆಗೆ ಬೆಳೆಸಿಯೇ ತಿಳಿಯಬೇಕು. ಎಲೆಯ ರೂಪಾಂತರವೊಂದರ ಜೊತೆ ಬೊಟಾನ್ ಕೂಡಿದ ಹೂವು ಬೇಕೆಂದರೆ 16ರಲ್ಲಿ ಒಂದು ಪಾಲು. ನೂರಕ್ಕೆ 95ರ ಭರವಸೆಗೆ 47 ಸಸಿ. ಎಲೆಯ ಎರಡು ಗುಣ ಮತ್ತು ಬೊಟಾನ್, ಹೀಗೆ ಮೂರು ಗುಣ ಕೂಡಬೇಕೆಂದರೆ 64ರಲ್ಲಿ ಒಂದು. ಸುಮಾರು 190 ಸಸಿ. ಇಲ್ಲಿ ಬೀಜದಳದ ಆಯ್ಕೆ ದೊಡ್ಡ ಉಪಕಾರ ಮಾಡುತ್ತದೆ. 190 ಸಸಿಗಳಲ್ಲಿ ಎಲೆಯ ಎರಡು ಗುಣಗಳನ್ನೂ ತೋರಿಸುವ ಹನ್ನೆರಡು ಸಸಿಗಳನ್ನು ಮಾತ್ರ ಕುಂಡಕ್ಕೆ ಏರಿಸಿದರೆ ಬೊಟಾನ್ ಅವುಗಳಲ್ಲೇ ಇರುತ್ತದೆ. ಆದರೆ ಮೊದಲ ಎರಡು ವರ್ಷ ನೀವು ಅಷ್ಟು ದೂರ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಒಂದು ಗುಣವನ್ನು ಕೈವಶ ಮಾಡಿಕೊಂಡವರಿಗೆ ಎರಡನೆಯದು ದಾರಿ ಕೊಡುತ್ತದೆ.

ನಿಮ್ಮ ಗೀರಿನ ಹೂವು ಬೇರೆಯದೇ ಕಥೆ, ಅಷ್ಟೇ ಸೊಗಸಾದದ್ದು. ಬಣ್ಣ ತಯಾರಿಸುವ ವಂಶವಾಹಿಯ ನಡುವೆ ಒಂದು ಅಲೆಮಾರಿ ಡಿಎನ್‌ಎ ತುಂಡು ಬಂದು ಕೂತರೆ ಹೂವು ಬಿಳಿಯಾಗುತ್ತದೆ. ದಳ ಬೆಳೆಯುವಾಗ ಯಾವುದೋ ಜೀವಕೋಶದಲ್ಲಿ ಆ ತುಂಡು ಎದ್ದುಹೋದರೆ ಅದರ ವಂಶದ ಕೋಶಗಳೆಲ್ಲ ಮತ್ತೆ ಬಣ್ಣ ಕಟ್ಟುತ್ತವೆ. ಬೇಗ ಎದ್ದರೆ ಅಗಲ ಪಟ್ಟೆ, ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಮೆಕ್ಕೆಜೋಳದಲ್ಲಿ ಇಂಥ ಅಲೆಮಾರಿಗಳನ್ನು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು. ಜಪಾನಿ ಮಾರ್ನಿಂಗ್ ಗ್ಲೋರಿಯ ಅಲೆಮಾರಿಗೆ ಟಿಪಿಎನ್1 ಎಂದು ಹೆಸರು. ಅದರ ವರದಿ ಪ್ರಕಟವಾದದ್ದು 1994ರಲ್ಲಿ. 2016ರಲ್ಲಿ ಈ ಗಿಡದ ಇಡೀ ಜೀನೋಮ್ ಓದಿದಾಗ ಆ ಕುಟುಂಬದ ಮುನ್ನೂರಕ್ಕೂ ಹೆಚ್ಚು ಪ್ರತಿಗಳು ಸಿಕ್ಕವು. ಎಡೊ ಕಾಲದ ರೂಪಾಂತರಗಳಲ್ಲಿ ಬಹಳಷ್ಟು ಇವುಗಳ ಅಲೆದಾಟದಿಂದಲೇ ಹುಟ್ಟಿದವು. ನಿಮಗೆ ಇದರಿಂದ ಆಗುವ ಪ್ರಯೋಜನವಿಷ್ಟು: ಗೀರಿನ ಬಳ್ಳಿಯಲ್ಲಿ ಯಾವುದಾದರೂ ಒಂದು ಕೊಂಬೆ ಪೂರ್ತಿ ನೀಲಿ ಹೂವನ್ನೇ ಬಿಡತೊಡಗಿದರೆ ಆ ಕೊಂಬೆಗೆ ದಾರ ಕಟ್ಟಿ ಬೀಜ ಬೇರೆ ಇಡಿ. ಬೀಜ ಕಟ್ಟುವ ಪದರದಲ್ಲೂ ತುಂಡು ಎದ್ದುಹೋಗಿದ್ದರೆ ಆ ನೀಲಿ ಮುಂದಿನ ಪೀಳಿಗೆಗೂ ದಾಟುತ್ತದೆ. ಗೀರುಗಳೇ ಇಷ್ಟವಾದರೆ ಗೀರು ದಟ್ಟವಾಗಿರುವ ಗಿಡಗಳಿಂದ ವರ್ಷವೂ ಆರಿಸುತ್ತ ಹೋಗಿ, ಪೂರ್ತಿ ನೀಲಿಗೆ ತಿರುಗಿದವನ್ನು ಬೇರ್ಪಡಿಸಿ.

ಬೆರಕೆಯ ವಿಷಯಕ್ಕೆ ಬಂದರೆ, ಕೈಕೆಲಸ ಕಷ್ಟವಲ್ಲ, ಹೊತ್ತು ತಪ್ಪಬಾರದು ಅಷ್ಟೇ. ಈ ಹೂವು ಕತ್ತಲು ಶುರುವಾದ ಸುಮಾರು 10 ಗಂಟೆಗಳ ಬಳಿಕ ಅರಳುತ್ತದೆ. ಅರಳುವ ಹೊತ್ತಿಗೆ ಕೇಸರಗಳು ಉದ್ದವಾಗುತ್ತ, ಪರಾಗವನ್ನು ಹಿಡಿದುಕೊಳ್ಳುವ ಹೆಣ್ಣು ತುದಿಯಾದ ಶಲಾಕಾಗ್ರದ ಬಳಿಗೆ ಬಂದು ಪರಾಗ ಸುರಿಸುತ್ತವೆ, ಬೆಳಕು ಹರಿಯುವಷ್ಟರಲ್ಲಿ ಅದರ ಮದುವೆ ಮುಗಿದಿರುತ್ತದೆ. ಆದ್ದರಿಂದ ತಾಯಿಯಾಗಬೇಕಾದ ಮೊಗ್ಗನ್ನು ಹಿಂದಿನ ದಿನವೇ ಹಿಡಿಯಬೇಕು. ಮರುದಿನ ಅರಳುವ ಮೊಗ್ಗು ಸಂಜೆಯ ಹೊತ್ತಿಗೆ ಉದ್ದವಾಗಿ, ಸುರುಳಿ ಸುತ್ತಿ, ಬಣ್ಣ ತೋರಿಸುತ್ತಿರುತ್ತದೆ. ಅದರ ಒಂದು ಬದಿಯನ್ನು ಮೇಲಿನಿಂದ ಕೆಳಕ್ಕೆ ಸೀಳಿ, ಸಣ್ಣ ಚಿಮಟದಿಂದ ಐದೂ ಪರಾಗಕೋಶಗಳನ್ನು ತೆಗೆಯಿರಿ. ಅವು ಇನ್ನೂ ಒಡೆದಿರಬಾರದು. ಪುಡಿ ಕಂಡರೆ ಆ ಮೊಗ್ಗನ್ನು ಬಿಟ್ಟುಬಿಡಿ. ಶಲಾಕಾಗ್ರಕ್ಕೆ ಗಾಯವಾಗದಂತೆ ನೋಡಿಕೊಂಡು ಕಾಗದದ ಚೀಲ ಮುಚ್ಚಿ. ಮರುದಿನ ಮುಂಜಾನೆ ತಂದೆ ಗಿಡದ ಆಗಷ್ಟೇ ಅರಳಿದ ಹೂವಿನಿಂದ ಒಂದು ಕೇಸರ ಕಿತ್ತು ನೇರವಾಗಿ ಶಲಾಕಾಗ್ರಕ್ಕೆ ಸವರಿ ಮತ್ತೆ ಮುಚ್ಚಿ. ಬಿಸಿಲೇರಿದ ಮೇಲೆ ಪ್ರಯತ್ನಿಸಿ ಫಲವಿಲ್ಲ. ಎರಡು ಗಿಡಗಳ ಸಂಖ್ಯೆ ಮತ್ತು ದಿನಾಂಕ ಬರೆದ ಚೀಟಿಯನ್ನು ಆ ತೊಟ್ಟಿಗೇ ಕಟ್ಟಿ, ನೋಟ್‌ಬುಕ್ಕಿನಲ್ಲೂ ಬರೆಯಿರಿ. ಕಾಯಿ ಬಲಿಯಲು ತಿಂಗಳು ಅಥವಾ ಸ್ವಲ್ಪ ಹೆಚ್ಚು ಬೇಕು. ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾದಾಗ ಬಿಡಿಸಿ.

ಒಣಗುತ್ತಿರುವ ನಿಮ್ಮ ಎರಡು ಗಿಡಗಳಲ್ಲಿ ಇನ್ನೂ ಒಂದೆರಡು ಹೂವು ಬರಬಹುದಾದರೆ ಇಂದೇ ಒಂದು ಪ್ರಯತ್ನ ಮಾಡಬಹುದು. ಯಾನಾಗಿಯ ಅಂಡಾಶಯ ಕೈಕೊಟ್ಟರೂ ಕೆಲವೊಮ್ಮೆ ಅದರ ಪರಾಗ ಜೀವಂತವಾಗಿರುತ್ತದೆ. ಅದನ್ನು ಸಾದಾ ಒಡಹುಟ್ಟೊಂದರ ಹೂವಿಗೆ ಹಾಕಿ. ಕಾಯಿ ಕಟ್ಟಿ, ಆ ಒಡಹುಟ್ಟೂ ಗುಣ ಹೊತ್ತಿದ್ದರೆ, ಮಕ್ಕಳಲ್ಲಿ ಅರ್ಧದಷ್ಟು ಯಾನಾಗಿಯಾಗುತ್ತವೆ, ಉಳಿದರ್ಧ ಸಾದಾ ಗಿಡಗಳೆಲ್ಲವೂ ಖಚಿತವಾಗಿ ಗುಣ ಹೊತ್ತಿರುತ್ತವೆ. ಪರೀಕ್ಷೆಯ ಒಂದು ಸುತ್ತೇ ತಪ್ಪುತ್ತದೆ.

ಹೊಸ ಬೆಳೆಗಾರರು ಕೈಬಿಡುವುದು ಬೆರಕೆಯ ಮೊದಲ ಪೀಳಿಗೆಯಲ್ಲಿ. ಎರಡು ಅಪರೂಪದ ಹೂವುಗಳನ್ನು ಬೆರೆಸಿದರೆ ಮಕ್ಕಳು ತೀರಾ ಸಾದಾ ನೀಲಿಯಾಗಿ ಬರುತ್ತವೆ, ಅವರು ನಿರಾಶರಾಗಿ ಕಿತ್ತೆಸೆಯುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ. ನೀಲಿ ಬಣ್ಣಕ್ಕೆ ಎರಡು ಸಂಗತಿಗಳು ಬೇಕು: ಸರಿಯಾದ ವರ್ಣದ್ರವ್ಯ, ಮತ್ತು ಅದು ತುಂಬಿರುವ ಕೋಶರಸ ಕ್ಷಾರೀಯವಾಗಿರುವುದು. ಮೊಗ್ಗು ಕೆಂಪುನೇರಳೆಯಾಗಿದ್ದು ಅರಳಿದಾಗ ನೀಲಿಯಾಗುವುದನ್ನು ನೀವು ಗಮನಿಸಿರಬಹುದು. ಹತ್ತಿರದ ಪ್ರಭೇದವೊಂದರ ತಳಿಯಾದ ಹೆವನ್ಲಿ ಬ್ಲೂ ಹೂವಿನಲ್ಲಿ ಆಗ ಕೋಶರಸದ ಕ್ಷಾರೀಯತೆಯ ಅಳತೆಯಾದ ಪಿಎಚ್ 6.6ರಿಂದ 7.7ಕ್ಕೆ ಏರುತ್ತದೆ. ಪಿಎಚ್ ಏರಿಸುವ ವಂಶವಾಹಿ ಕೆಟ್ಟರೆ ಜಪಾನಿ ಹೂವು ನೇರಳೆಯಾಗಿಯೇ ಉಳಿಯುತ್ತದೆ. ವರ್ಣದ್ರವ್ಯದ ವಂಶವಾಹಿ ಕೆಟ್ಟರೆ ಮಜೆಂಟಾ ಆಗುತ್ತದೆ. ಈಗ ನೇರಳೆಯನ್ನೂ ಮಜೆಂಟಾವನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಟ್ಟು ಮಕ್ಕಳೆಲ್ಲ ನೀಲಿ! ಆ ನೀಲಿಯಿಂದ ತಾನಾಗಿಯೇ ಕಟ್ಟಿದ ಬೀಜವನ್ನು ಬಿತ್ತಿ ನೋಡಿ: 16ರಲ್ಲಿ 9 ನೀಲಿ, 3 ನೇರಳೆ, 3 ಮಜೆಂಟಾ, ಮತ್ತು ಅಜ್ಜ ಅಜ್ಜಿ ಇಬ್ಬರಲ್ಲೂ ಇಲ್ಲದ ಕೆಂಪು 1. ನಿಮ್ಮ ಹೊಸ ಹೂವು ಸಿಗುವುದು ಈ ಎರಡನೆಯ ಪೀಳಿಗೆಯಲ್ಲಿ.

ಬಿಳಿಯಲ್ಲೂ ಹೀಗೆಯೇ. ಕಾಂಡ ಕೆಂಪಾಗಿರುವ ಬಿಳಿ ಹೂವಿನ ಗಿಡವಿದೆ, ಕಾಂಡ ಹಸಿರಾಗಿದ್ದು ಬೀಜ ದಂತದ ಬಣ್ಣದ್ದಾಗಿರುವ ಬಿಳಿಯೂ ಇದೆ. ಎರಡರ ದೋಷ ಬೇರೆಬೇರೆ. ಇವೆರಡನ್ನು ಬೆರೆಸಿದರೆ ಬಣ್ಣದ ಹೂವು ಹುಟ್ಟುತ್ತದೆ. ಬೀಜದ ಬಣ್ಣ, ಸಸಿಯ ಕಾಂಡದ ಬಣ್ಣ, ಇವನ್ನು ಗಮನಿಸುವ ಅಭ್ಯಾಸ ಮಾಡಿಕೊಂಡರೆ ಹೂವಿಗೆ ಕಾಯುವ ಮೊದಲೇ ಅರ್ಧ ಸಂಗತಿ ತಿಳಿಯುತ್ತದೆ. ಆದರೆ ಗಾಢ ಹಳದಿಗಾಗಿ ವರ್ಷಗಳನ್ನು ಕಳೆಯಬೇಡಿ. ಈ ಪ್ರಭೇದದ ದಳಗಳಲ್ಲಿ ಹಳದಿ ಕೊಡುವ ಕ್ಯಾರೊಟಿನಾಯ್ಡ್ ಇಲ್ಲವೆನ್ನುವಷ್ಟು ಕಡಿಮೆ. ತಿಳಿ ಕೆನೆಬಣ್ಣದವರೆಗೆ ಬೆರಕೆಯಿಂದ ಹೋಗಬಹುದು. ಸೂರ್ಯಕಾಂತಿಯಂಥ ಹಳದಿಯ ಚಿತ್ರ ತೋರಿಸಿ ಯಾರಾದರೂ ಬೀಜ ಮಾರಿದರೆ ಕೊಳ್ಳಬೇಡಿ. ಐಪೋಮಿಯಾ ಪರ್ಪ್ಯೂರಿಯಾ ಎಂಬ, ಹೃದಯದಾಕಾರದ ಎಲೆಯ ಸಾಮಾನ್ಯ ಮಾರ್ನಿಂಗ್ ಗ್ಲೋರಿಯನ್ನೂ ನೀವು ಬೆಳೆಸುತ್ತಿದ್ದರೆ ಅದರ ಜೊತೆ ಜಪಾನಿಯದನ್ನು ಬೆರೆಸುವ ಪ್ರಯತ್ನ ಸಾಮಾನ್ಯವಾಗಿ ವ್ಯರ್ಥ. ಅದರ ತಳಿಯನ್ನು ಪ್ರತ್ಯೇಕವಾಗಿ ಕಾಪಾಡಬೇಕೆಂದರೆ ಮೊಗ್ಗಿಗೆ ಚೀಲ ಕಟ್ಟಲೇಬೇಕು, ಏಕೆಂದರೆ ಅದರಲ್ಲಿ ದುಂಬಿಗಳು ಮಾಡುವ ಬೆರಕೆಯೇ ಹೆಚ್ಚು.

ಬೆಳೆಸುವ ಬಗ್ಗೆ ಬೇಕಾದಷ್ಟನ್ನೇ ಹೇಳುತ್ತೇನೆ. ಬೀಜದ ಸಿಪ್ಪೆ ಗಟ್ಟಿ. ಮೊಳಕೆ ಹೊರಡುವ ಗುರುತಿನ ಬದಿಯನ್ನು ಬಿಟ್ಟು, ಉಬ್ಬಿದ ಬೆನ್ನಿನ ಕಡೆ ಉಗುರುಕತ್ತರಿಯಿಂದ ಚೂರು ಸಿಪ್ಪೆ ಹಾರಿಸಿ, ಕೆಲವು ಗಂಟೆ ನೆನೆಸಿ, 1 ಸೆಂ.ಮೀ. ಆಳಕ್ಕೆ ಬಿತ್ತಿ. ಮಣ್ಣು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ವಿಚಿತ್ರ ಸಸಿಗಳು ದುರ್ಬಲ. ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ಬಿಡಿಸಿಕೊಳ್ಳಲಾಗದೆ ನಿಂತಿದ್ದರೆ ನೀರು ಚಿಮುಕಿಸಿ, ಮೆತ್ತಗಾದ ಮೇಲೆ ಮೃದುವಾಗಿ ಬಿಡಿಸಿ. ತಡವಾಗಿ, ಸೊಟ್ಟಗೆ ಹುಟ್ಟಿದ ಸಸಿಯನ್ನು ಎಂದೂ ಎಸೆಯಬೇಡಿ, ನೀವು ಕಾಯುತ್ತಿರುವುದು ಅದೇ ಇರಬಹುದು. ಶಿದಾರೆ ಎಂಬ ಇಳಿಬೀಳುವ ರೂಪವಂತೂ ಗುರುತ್ವವನ್ನೇ ಗ್ರಹಿಸದು, ಆಸರೆಯನ್ನು ಸುತ್ತಿಕೊಳ್ಳಲೂ ಬಾರದು. ಅದನ್ನು ಕೈಯಿಂದ ಕಟ್ಟಿಯೇ ನಿಲ್ಲಿಸಬೇಕು. ಸಾರಜನಕ ಹೆಚ್ಚಾದರೆ ಎಲ್ಲ ಗಿಡಗಳೂ ಎಲೆಯಲ್ಲೇ ಮೆರೆಯುತ್ತವೆ. ರಾತ್ರಿ ಉದ್ದವಾಗಿದ್ದಾಗ ಹೂಬಿಡುವ ಗಿಡವಿದು. ರಾತ್ರಿಯಿಡೀ ದೀಪದ ಬೆಳಕು ಬೀಳುವ ಜಾಗದಲ್ಲಿಟ್ಟು ಹೂವು ಬರಲಿಲ್ಲವೆಂದು ಗೊಬ್ಬರ ಸುರಿದರೆ ಏನೂ ಆಗದು. ಇದೇ ಸ್ವಭಾವವನ್ನು ಬಳಸಿಕೊಳ್ಳಲೂಬಹುದು. ವೈಲೆಟ್ ಎಂಬ ತಳಿಯ ಬೀಜದಳದ ಸಸಿಗೆ 16 ಗಂಟೆಗಳ ಒಂದೇ ಒಂದು ಕತ್ತಲು ಸಾಕು, ಅದು ಮೊಗ್ಗು ಕಟ್ಟಲು ನಿರ್ಧರಿಸಿಬಿಡುತ್ತದೆ. ಬೇರೆ ತಳಿಗಳಿಗೆ ಹೆಚ್ಚು ರಾತ್ರಿಗಳು ಬೇಕು, ಆದರೂ ಸಸಿಗಳನ್ನು ಕೆಲವು ದಿನ ಸಂಜೆಯಿಂದ ಬೆಳಗಿನವರೆಗೆ ಪೆಟ್ಟಿಗೆಯಡಿ ಮುಚ್ಚಿಟ್ಟರೆ ಅಂಗೈಯಗಲದ ಕುಂಡದಲ್ಲೇ ಬೇಗ ಹೂವು ಪಡೆದು, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪೀಳಿಗೆ ನೋಡಬಹುದು. ಬೀಜದ ಪರೀಕ್ಷೆ ಮಾಡುವವರಿಗೆ ಇದು ದೊಡ್ಡ ಲಾಭ.

ಬೀಜಗಳು ವಿಷಕಾರಿ, ತಿಂದರೆ ತೀವ್ರ ವಾಂತಿ ಭೇದಿಯಾಗುತ್ತದೆ. ಮಕ್ಕಳು ಮತ್ತು ಸಾಕುಪ್ರಾಣಿಗಳಿಗೆ ಎಟುಕದಂತೆ ಲಕೋಟೆಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ರೆಫ್ರಿಜರೇಟರಿನಲ್ಲಿಡಿ. ಹಾಗಿಟ್ಟ ಬೀಜ ಹಲವು ವರ್ಷ ಮೊಳೆಯುತ್ತದೆ, ಆದ್ದರಿಂದ ಪ್ರತಿ ತಾಯಿಯ ಬೀಜದಲ್ಲಿ ಅರ್ಧವನ್ನು ಎಂದೂ ಬಿತ್ತದೆ ಉಳಿಸಿಕೊಳ್ಳಿ. ನೆಲಕ್ಕೆ ಬಿದ್ದ ಬೀಜ ಕಳೆಯಾಗಿ ಹಬ್ಬುತ್ತದೆ. ತಾನಾಗಿ ಹುಟ್ಟಿದ ಸಸಿ ನಿಮ್ಮ ಸಾಲಿನೊಳಗೆ ಸೇರಿಕೊಂಡರೆ ಲೆಕ್ಕವೂ ಕೆಡುತ್ತದೆ. ಒಣಗುತ್ತಿರುವ ಎರಡು ಗಿಡಗಳಲ್ಲಿ ಹಸಿರು ಕೊಂಬೆ ಉಳಿದಿದ್ದರೆ ಗೆಣ್ಣಿನ ಕೆಳಗೆ ಕತ್ತರಿಸಿ ತೇವದ ಮರಳಿನಲ್ಲಿ ಊರಿ, ಬೆಚ್ಚಗಿನ ಬೆಳಕಿನ ಜಾಗದಲ್ಲಿಡಿ. ಬೇರು ಬಂದರೆ ಪರಾಗಕ್ಕೆ ಇನ್ನೂ ಕೆಲವು ಹೂವು ಸಿಕ್ಕೀತು. ಬಾರದಿದ್ದರೂ ಹನ್ನೆರಡು ಲಕೋಟೆಗಳಿವೆ. ಮೊದಲ ನಾಲ್ಕರಿಂದ ಹನ್ನೆರಡು ಹನ್ನೆರಡು ಬೀಜ ಎಣಿಸಿ ತೆಗೆದಿಟ್ಟುಕೊಳ್ಳಿ.